ಚಕ್ರದ ಕಪ್ಪು: ತೊಳೆಯುವ ಮೊದಲು ಒಮ್ಮೆ ನೋಡಿ

ಕೆಸರು ಮೆತ್ತಿದ ಚಕ್ರಕ್ಕೆ ಎರಡು ಕೊಡ ನೀರು ಸುರಿದರೆ ಮುಗೀತು. ಎರೆ ಮಣ್ಣಾದರೂ ನೆನೆದ ಮೇಲೆ ಬಿಡುತ್ತೆ. ಆದರೆ ಕಾರಿನ ಮುಂದಿನ ಚಕ್ರಗಳಲ್ಲಿ ಕೂತಿರುವ ಕರಿ ಪುಡಿ ಹಾಗಲ್ಲ. ಒರೆಸಿದರೆ ಬಟ್ಟೆ ಕಪ್ಪಾಗುತ್ತೆ, ಚಕ್ರ ಮಾತ್ರ ಹಾಗೇ ಇರುತ್ತೆ. ಈಗ ನಮ್ಮ ಬಯಲುಸೀಮೆ ಹಳ್ಳಿಗಳಲ್ಲೂ ಸೆಕೆಂಡ್ ಹ್ಯಾಂಡ್ ಕಾರು, ಸಣ್ಣ ಗೂಡ್ಸ್ ಗಾಡಿ ಬಂದಿರುವುದರಿಂದ ನಾನು ಕಂಡುಕೊಂಡದ್ದನ್ನು ಬರೆಯುತ್ತಿದ್ದೇನೆ.

ಈ ಪುಡಿ ರಸ್ತೆಯ ಧೂಳಲ್ಲ. ಬ್ರೇಕ್ ಒತ್ತಿದಾಗ ಪ್ಯಾಡು ಬೀಡುಕಬ್ಬಿಣದ ಡಿಸ್ಕನ್ನು ಹಿಡಿದು ಉಜ್ಜುತ್ತದೆ. ಪ್ಯಾಡೂ ಸವೆಯುತ್ತೆ, ಡಿಸ್ಕೂ ಸವೆಯುತ್ತೆ. ಸಾಣೆಗೆ ಕುಡುಗೋಲು ಹಿಡಿದಾಗ ಉದುರುತ್ತಲ್ಲ, ಅಂಥದೇ ಪುಡಿ. ಬಿಸಿಬಿಸಿಯಾಗಿ ಬಂದು ರಿಮ್ಮಿಗೆ ಅಂಟುತ್ತೆ. ಅದರೊಳಗೆ ಕಬ್ಬಿಣದ ಚೂರು ಇರುವುದರಿಂದ ಇಬ್ಬನಿ, ಮಳೆ ತಾಗಿದರೆ ತುಕ್ಕು ಹಿಡಿದು ಕಂದು ಚುಕ್ಕೆಯಾಗಿ ಕಚ್ಚಿಕೊಳ್ಳುತ್ತದೆ. ತಿಂಗಳುಗಟ್ಟಲೆ ಬಿಟ್ಟರೆ ಬಿಡಿಸುವುದು ಕಷ್ಟ ಆಗುವುದು ಇದಕ್ಕೇ.

ಬ್ರೇಕ್ ಹಾಕಿದಾಗ ಗಾಡಿಯ ಭಾರ ಮುಂದಕ್ಕೆ ವಾಲುತ್ತದೆ, ಹೆಚ್ಚಿನ ಕೆಲಸ ಮುಂದಿನ ಬ್ರೇಕಿಗೇ. ಅಲ್ಲದೆ ಹೆಚ್ಚಿನ ಸಣ್ಣ ಕಾರುಗಳಲ್ಲಿ ಹಿಂದೆ ಡ್ರಮ್ ಇರುವುದರಿಂದ ಅಲ್ಲಿನ ಪುಡಿ ಬಹುಪಾಲು ಡ್ರಮ್ಮಿನೊಳಗೇ ಉಳಿಯುತ್ತದೆ. ಹಾಗಾಗಿ ಮುಂದಿನ ಎರಡು ಚಕ್ರ ಹಿಂದಿನವಕ್ಕಿಂತ ಕಪ್ಪಗಿದ್ದರೆ ಗಾಬರಿ ಬೇಡ.

ಕೊಳೆ ಏನು ಹೇಳುತ್ತದೆ?

ನಾನು ಮುಖ್ಯವಾಗಿ ಹೇಳಬೇಕಾದ್ದು ಇದು. ಎತ್ತಿನ ಮೈ ತೊಳೆಯುವಾಗ ಗಾಯ, ಉಣ್ಣೆ ಇದೆಯೇ ಅಂತ ಕೈಯಾಡಿಸಿ ನೋಡುತ್ತೇವೆ. ಚಕ್ರವನ್ನೂ ಹಾಗೇ ನೋಡಬೇಕು. ನೀರು ಹಾಕಿದ ಮೇಲೆ ಗುರುತು ಅಳಿಸಿಹೋಗುತ್ತೆ.

ಮುಂದಿನ ಎರಡರಲ್ಲಿ ಒಂದೇ ಚಕ್ರ ಬಹಳ ಕಪ್ಪಗಿದ್ದರೆ ಆ ಕಡೆಯ ಬ್ರೇಕ್ ಪೂರ್ತಿ ಬಿಡುತ್ತಿಲ್ಲ ಅಂತ ಅನುಮಾನಿಸಬೇಕು. ನಮ್ಮ ಗಾಡಿಯಲ್ಲಿ ಎಡಗಡೆ ಮುಂದಿನ ಚಕ್ರ ಹೀಗಿತ್ತು. ಬಿಚ್ಚಿಸಿ ನೋಡಿದರೆ ಕ್ಯಾಲಿಪರ್ ಪಿನ್ನು ಮಣ್ಣು ತುಂಬಿ ಬಿಗಿದುಕೊಂಡಿತ್ತು. ಒಳಗಿನ ಪ್ಯಾಡು ತಗಡಿನವರೆಗೂ ಸವೆದಿತ್ತು, ಹೊರಗಿನದು ಅರ್ಧ ಉಳಿದಿತ್ತು. ಇನ್ನೊಂದು ಪರೀಕ್ಷೆಯೂ ಇದೆ. ಹತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿ, ಚಕ್ರದ ಹತ್ತಿರ ಅಂಗೈ ಹಿಡಿಯಿರಿ. ಮುಟ್ಟಬೇಡಿ, ಸುಡುತ್ತೆ. ಒಂದು ಕಡೆ ಮಾತ್ರ ಕಾವು ಜಾಸ್ತಿ ಹೊಡೆದರೆ ದೋಷ ಅಲ್ಲೇ.

ಕಪ್ಪು ಒಣಗಿದ್ದರೆ ಅದು ಪುಡಿ. ಹಸಿಹಸಿಯಾಗಿ, ಚಕ್ರದ ಒಳಮೈಯಿಂದ ಜಾರಿ ಬಂದಂತಿದ್ದರೆ ಅದು ಎಣ್ಣೆ. ಬ್ರೇಕ್ ಆಯಿಲ್ ಸೋರುತ್ತಿರಬಹುದು, ಇಲ್ಲವೇ ಆಯಿಲ್ ಸೀಲು ಹೋಗಿ ಗ್ರೀಸು ಹೊರಬರುತ್ತಿರಬಹುದು. ಬಾನೆಟ್ ಎತ್ತಿ ಬ್ರೇಕ್ ಆಯಿಲ್ ಡಬ್ಬಿಯ ಗೆರೆ ನೋಡಿ. ಕೆಳಗಿಳಿದಿದ್ದರೆ ತೊಳೆಯುವ ಕೆಲಸ ಬಿಟ್ಟು ಮೊದಲು ಮೆಕ್ಯಾನಿಕ್ಕನ್ನು ಮನೆಗೇ ಕರೆಸಿ. ಮನೆಮಂದಿ ಎಲ್ಲಾ ಕೂತು ಹೋಗುವ ಗಾಡಿ ಅದು.

ತೊಳೆಯುವುದು

ಚಕ್ರ ಪೂರ್ತಿ ಆರಿರಬೇಕು. ಕಾದ ಡಿಸ್ಕಿಗೆ ತಣ್ಣೀರು ಬಿದ್ದರೆ ಸೊಟ್ಟಗಾಗುವ ಸಂಭವ ಉಂಟು. ನೆರಳಲ್ಲಿ ನಿಲ್ಲಿಸಿ. ಒಣ ಪುಡಿಯನ್ನು ಪೊರಕೆಯಿಂದ ಹೊಡೆಯುವುದು, ಪಂಕ್ಚರ್ ಅಂಗಡಿಯ ಗಾಳಿ ಪೈಪಿನಿಂದ ಊದುವುದು ಬೇಡವೇ ಬೇಡ. ಹಳೇ ಬ್ರೇಕ್ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಅದರ ಎಳೆ ಶ್ವಾಸಕೋಶಕ್ಕೆ ಹೋದರೆ ಎಷ್ಟೋ ವರ್ಷದ ಮೇಲೆ ಕ್ಯಾನ್ಸರ್ ತರಬಲ್ಲದು. ಯಾವ ಲೈನಿಂಗಿನಲ್ಲಿ ಇದೆ, ಯಾವುದರಲ್ಲಿ ಇಲ್ಲ ಅಂತ ಕಣ್ಣಿಗೆ ಕಾಣುವುದಿಲ್ಲ. ಬಾಯಿಗೆ ಟವೆಲ್ ಕಟ್ಟಿದರೆ ಸಾಲದು. ಮೊದಲೇ ನಿಧಾನಕ್ಕೆ ನೀರು ಬಿಟ್ಟು ಒದ್ದೆ ಮಾಡಿಕೊಂಡರೆ ಪುಡಿ ಏಳುವುದೇ ಇಲ್ಲ.

ನಮ್ಮಲ್ಲಿ ನೀರಿನ ಬೆಲೆ ಎಲ್ಲರಿಗೂ ಗೊತ್ತು. ಎರಡು ಬಕೆಟ್ ಸಾಕು. ಒಂದರಲ್ಲಿ ಗಾಡಿ ತೊಳೆಯುವ ಶಾಂಪೂ ಕದಡಿ, ಒಂದೊಂದೇ ಚಕ್ರಕ್ಕೆ ಹಚ್ಚಿ ಐದು ನಿಮಿಷ ನೆನೆಯಲು ಬಿಡಿ. ಮೆತ್ತನೆ ಬ್ರಷ್ಷಿನಿಂದ ಉಜ್ಜಿ. ಸಂದಿಗೆ ಹಳೇ ಹಲ್ಲುಜ್ಜುವ ಬ್ರಷ್ಷು ಒಳ್ಳೆಯದು. ಸೋಪು ಒಣಗುವ ಮೊದಲು ತೊಳೆಯಿರಿ. ಕಂದು ಚುಕ್ಕೆ ಉಳಿದರೆ ನಿಂಬೆರಸಕ್ಕೆ ಅಷ್ಟೇ ನೀರು ಬೆರೆಸಿ ಬಟ್ಟೆಯಲ್ಲಿ ಹಚ್ಚಿ, ಎರಡು ಮೂರು ನಿಮಿಷಕ್ಕೆ ಚೆನ್ನಾಗಿ ತೊಳೆದುಬಿಡಿ. ಹುಳಿ ಕಬ್ಬಿಣದ ತುಕ್ಕನ್ನು ಕರಗಿಸುತ್ತದೆ. ಮೊದಲು ಕಾಣದ ಮೂಲೆಯಲ್ಲಿ ಪರೀಕ್ಷೆ ಮಾಡಿಕೊಳ್ಳಿ. ಪೇಟೆಯಲ್ಲಿ ಇದಕ್ಕೆಂದೇ ಸಿಗುವ ದ್ರಾವಣ ಸಿಂಪಡಿಸಿದರೆ ಕಬ್ಬಿಣದ ಪುಡಿ ಇರುವ ಕಡೆ ನೇರಳೆ ಹಣ್ಣು ಹಿಂಡಿದ ಬಣ್ಣ ಇಳಿಯುತ್ತದೆ. ನೋಡಲು ಚೆಂದ, ಕೆಲಸವನ್ನೂ ಮಾಡುತ್ತೆ. ವಾಸನೆ ಮಾತ್ರ ಕೊಳೆತ ಮೊಟ್ಟೆಯದು, ದುಡ್ಡೂ ಹೆಚ್ಚು.

ಕಕ್ಕಸು ತೊಳೆಯುವ ಆಸಿಡ್ ಹಾಕಿದರೆ ಕ್ಷಣದಲ್ಲಿ ಬಿಳಿಯಾಗುತ್ತೆ ಅಂತ ಹೇಳುವವರಿದ್ದಾರೆ. ನಂಬಬೇಡಿ. ಅಲಾಯ್ ಚಕ್ರ ಅಂದರೆ ಅಲ್ಯೂಮಿನಿಯಂ. ಆಸಿಡ್ ಮೇಲಿನ ಲೇಪ ತಿಂದು ಮಚ್ಚೆ ಬಿಡುತ್ತದೆ, ನಟ್ಟುಗಳಿಗೂ ತುಕ್ಕು ಹಿಡಿಸುತ್ತದೆ. ವಾಷಿಂಗ್ ಸೋಡಾ ಕೂಡ ಅಲ್ಯೂಮಿನಿಯಂಗೆ ಆಗದು. ಬೂದಿಯಲ್ಲೂ ಕ್ಷಾರ ಇದೆ, ಜೊತೆಗೆ ಗೀರು ಬೀಳುತ್ತದೆ. ಪಾತ್ರೆಗೆ ಸರಿ, ಚಕ್ರಕ್ಕಲ್ಲ. ಡೀಸೆಲ್, ಸೀಮೆಎಣ್ಣೆ ಬ್ರೇಕಿನ ಹತ್ತಿರಕ್ಕೂ ತರಬೇಡಿ. ಪ್ಯಾಡು ಎಣ್ಣೆ ಕುಡಿದರೆ ಬ್ರೇಕ್ ಹಿಡಿಯುವುದಿಲ್ಲ. ಡಾಂಬರು ಅಂಟಿದ್ದರೆ ಬಟ್ಟೆ ತುದಿಗೆ ಎರಡು ಹನಿ ಹಾಕಿ ರಿಮ್ಮಿನ ಹೊರಮೈ ಮಾತ್ರ ಒರೆಸಿ, ಕೂಡಲೇ ಸೋಪು ಹಾಕಿ ತೊಳೆಯಿರಿ.

ಈ ನೀರು ದನದ ಬಾನಿ, ಸೊಪ್ಪಿನ ಮಡಿ ಕಡೆ ಹರಿಯದಂತೆ ನೋಡಿಕೊಳ್ಳಿ. ಕೆರೆಗೆ ಇಳಿಸಿ ತೊಳೆಯುವುದಂತೂ ಸಲ್ಲ.

ತೊಳೆದ ಮೇಲೆ ಬ್ರೇಕ್ ಒದ್ದೆಯಾಗಿರುತ್ತದೆ. ಊರ ಹೊರಗಿನ ಖಾಲಿ ದಾರಿಯಲ್ಲಿ ನಿಧಾನಕ್ಕೆ ಓಡಿಸುತ್ತಾ ನಾಲ್ಕೈದು ಸಲ ಬ್ರೇಕ್ ಒತ್ತಿ ಒಣಗಿಸಿ. ಒಳಮೈ ತೊಳೆಯಲು ಚಕ್ರ ಬಿಚ್ಚಿದ್ದರೆ ನಟ್ಟುಗಳನ್ನು ಒಂದರ ಪಕ್ಕ ಒಂದು ಬಿಗಿಯದೆ ಎದುರುಬದುರಾಗಿ ಬಿಗಿಯಿರಿ. ಸಂತೆಗೆ ಹೋಗಿ ಬಂದ ಮೇಲೆ ಇನ್ನೊಮ್ಮೆ ಪಾನಾ ಹಾಕಿ ನೋಡಿ.