ಸಾಕ್ಷಿಗೆ ಬರುವ ಸಮನ್ಸು

ಅಮೀನನು ಊರಿಗೆ ಬಂದನೆಂದರೆ ಹಿತ್ತಲ ಬಾಗಿಲಿನಿಂದ ಹೊಲದ ಕಡೆಗೆ ನಡೆದುಬಿಡುವ ಅಭ್ಯಾಸ ನಮ್ಮ ಜನರಲ್ಲಿ ಹಳೆಯದು. ಸಾಕ್ಷಿಯ ಸಮನ್ಸನ್ನು ಆಪಾದನೆಯೆಂದು ಭಾವಿಸುವುದೇ ಇದಕ್ಕೆ ಕಾರಣವಾಗಿರಬೇಕು. ವಾಸ್ತವದಲ್ಲಿ ಸಿವಿಲ್ ದಾವೆಯ ಸಾಕ್ಷಿಯ ಮೇಲೆ ಯಾವ ಆರೋಪವೂ ಇರುವುದಿಲ್ಲ. ತಾನು ಕಂಡುದನ್ನು ಹೇಳಿದರೆ ಅವನ ಕೆಲಸ ಮುಗಿಯಿತು.

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡಗಳ ಸೀಮೆಯನ್ನು ತೆಗೆದುಕೊಳ್ಳೋಣ. ಪಾವಗಡವಂತೂ ಬಹುಮಟ್ಟಿಗೆ ಆಂಧ್ರದ ನೆಲದಿಂದಲೇ ಸುತ್ತುವರಿದಿದೆ. ಇಲ್ಲಿ ನಂಟಸ್ತನವೂ ಜಮೀನಿನ ವ್ಯವಹಾರವೂ ಗಡಿಯನ್ನು ಲೆಕ್ಕಿಸುವುದಿಲ್ಲ. ಮಧುಗಿರಿಯ ವೃದ್ಧನೊಬ್ಬನು ತನ್ನ ಸ್ವಯಾರ್ಜಿತ ತೋಟವನ್ನು ಮಗಳಿಗೆ ವಿಲ್ ಬರೆದು ತೀರಿಕೊಂಡನೆಂದೂ, ಮಗನು ಅದನ್ನು ಒಪ್ಪಲಿಲ್ಲವೆಂದೂ ಎಣಿಸಿರಿ. ವಿಲ್ಲಿಗೆ ಸಾಕ್ಷಿ ಹಾಕಿದವರಲ್ಲಿ ಉಳಿದವನು ಒಬ್ಬನೇ. ಅವನಿರುವುದು ಗಡಿಯಾಚೆಯ ಮಡಕಶಿರಾದಲ್ಲಿ. ಬದುಕಿರುವ ಸಾಕ್ಷಿದಾರನೊಬ್ಬನನ್ನಾದರೂ ವಿಚಾರಿಸದೆ ವಿಲ್ಲನ್ನು ಪುರಾವೆಯಾಗಿ ಬಳಸುವಂತಿಲ್ಲ. ಅವನು ಬಾರದಿದ್ದರೆ ಮಗಳ ಹಕ್ಕಿಗೇ ಧಕ್ಕೆ.

1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 16ನೆಯ ಆದೇಶವು ಇದಕ್ಕೆ ದಾರಿಯನ್ನು ಹೇಳುತ್ತದೆ. ವಿವಾದಾಂಶಗಳು ನಿರ್ಣಯವಾದ 15 ದಿನಗಳೊಳಗೆ ಸಾಕ್ಷಿಪಟ್ಟಿಯನ್ನು ಸಲ್ಲಿಸಬೇಕು. ಸಮನ್ಸಿಗೆ ಅರ್ಜಿ ಕೊಟ್ಟ ಏಳು ದಿನಗಳೊಳಗೆ ಸಾಕ್ಷಿಯ ಪ್ರಯಾಣವೆಚ್ಚವನ್ನೂ ಒಂದು ದಿನದ ಭತ್ಯೆಯನ್ನೂ ನ್ಯಾಯಸ್ಥಾನದಲ್ಲಿ ಕಟ್ಟಬೇಕು. ದಿನಗೂಲಿಯನ್ನು ಬಿಟ್ಟು ಬರುವವನಿಗೆ ಇದು ದಾನವಲ್ಲ, ಹಕ್ಕು. ಹೆಚ್ಚು ದಿನ ನಿಲ್ಲಿಸಿಕೊಂಡರೆ ಹೆಚ್ಚಿನ ಹಣವನ್ನೂ ಕೊಡಿಸಬಹುದು. ಸಾಕ್ಷಿಯನ್ನು ತಾನೇ ಕರೆತರಬಲ್ಲ ಕಕ್ಷಿಗೆ ಸಮನ್ಸಿನ ಅಗತ್ಯವೇ ಇಲ್ಲ.

ಗಡಿಯೇನೂ ಅಡ್ಡಿಯಾಗದು. ಬೇರೆ ರಾಜ್ಯದಲ್ಲಿರುವವನಿಗೆ ಅಲ್ಲಿಯ ನ್ಯಾಯಸ್ಥಾನದ ಮೂಲಕ ಸಮನ್ಸನ್ನು ಜಾರಿಮಾಡಿಸಬಹುದು. ದೂರಕ್ಕೆ ಮಾತ್ರ ಒಂದು ಮಿತಿಯುಂಟು: ನ್ಯಾಯಸ್ಥಾನದ ವ್ಯಾಪ್ತಿಯ ಹೊರಗಿನವನು 100 ಕಿಲೋಮೀಟರಿನೊಳಗೆ ಇರಬೇಕು, ದಾರಿಯ ಆರರಲ್ಲಿ ಐದು ಪಾಲಿಗೆ ರೈಲು ಅಥವಾ ಸಾರ್ವಜನಿಕ ವಾಹನದ ಸೌಕರ್ಯವಿದ್ದರೆ 500ರೊಳಗೆ. 1976ರ ತಿದ್ದುಪಡಿಗೆ ಮುಂಚೆ ಈ ಲೆಕ್ಕ 50 ಮತ್ತು 200 ಮೈಲಿಗಳಾಗಿತ್ತು. ಮಡಕಶಿರಾ ಈ ಮಿತಿಯೊಳಗೇ ಇದೆ. ಹಾಸಿಗೆ ಹಿಡಿದವನಾದರೆ ಅವನಿದ್ದಲ್ಲಿಗೇ ಕಮಿಷನರನನ್ನು ಕಳುಹಿಸಿ ಹೇಳಿಕೆ ಪಡೆಯುವ ಏರ್ಪಾಡೂ ಉಂಟು. ದಾಖಲೆಯನ್ನು ಮಾತ್ರ ಹಾಜರುಪಡಿಸಬೇಕಾದವನು ಅದನ್ನು ಬೇರೊಬ್ಬರ ಕೈಯಲ್ಲಿ ಕಳುಹಿಸಿದರೂ ಸಾಕು.

ಸಮನ್ಸನ್ನು ತೆಗೆದುಕೊಳ್ಳೆನೆಂದು ಹಟ ಹಿಡಿದರೆ ಅಮೀನನು ಅದನ್ನು ಬಾಗಿಲಿಗೆ ಅಂಟಿಸಿ ವರದಿ ಮಾಡುತ್ತಾನೆ. ಸಕಾರಣವಿಲ್ಲದೆ ತಪ್ಪಿಸಿಕೊಂಡವನ ಸಾಕ್ಷ್ಯವು ಮುಖ್ಯವೆಂದು ನ್ಯಾಯಾಧೀಶರಿಗೆ ತೋರಿದರೆ ಘೋಷಣೆ, ವಾರಂಟು, ಆಸ್ತಿಯ ಜಪ್ತಿಗಳವರೆಗೂ ಹೋಗಬಹುದು. ಆಮೇಲೆ ಅವನು ಹಾಜರಾಗಿ ತಕ್ಕ ಸಮಾಧಾನವನ್ನು ಹೇಳಿದರೆ ಜಪ್ತಿಯನ್ನು ಬಿಡಲಾಗುವುದು.