ಕುತ್ತಿಗೆ ಬಿಗಿತಕ್ಕೆ ಕುಡಿಯುವ ನೀರೂ ಕಾರಣವಾಗಬಹುದು

ಬೆಳಿಗ್ಗೆ ಏಳುವಾಗ ಕುತ್ತಿಗೆ ಹಿಡಿದುಕೊಂಡಿರುವುದು, ತಲೆ ತಿರುಗಿಸಿದರೆ 'ಟಕ್' ಎಂಬ ಸದ್ದು, ಹೆಗಲ ಸ್ನಾಯು ಕಲ್ಲಿನಂತೆ ಗಟ್ಟಿಯಾಗುವುದು - ಆರೋಗ್ಯ ಶಿಬಿರಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ದೂರುಗಳಿವು. ಹೆಚ್ಚಿನವು ಗಂಭೀರವಲ್ಲ. ಆದರೆ ತುಮಕೂರು ಜಿಲ್ಲೆಯ ಪಾವಗಡದಂತಹ ಊರಿನಲ್ಲಿ ಇದೇ ದೂರು ಬಂದರೆ, 'ಕುಡಿಯುವ ನೀರು ಎಲ್ಲಿಯದು?' ಎಂದೂ ಕೇಳಬೇಕಾಗುತ್ತದೆ. ಕರಾವಳಿಯಿಂದ ಬಯಲುಸೀಮೆಗೆ ಸೇವೆಗೆ ತೆರಳುವ ಧರ್ಮಗುರುಗಳು, ಧರ್ಮಭಗಿನಿಯರು, ದಾದಿಯರು ಇದನ್ನು ತಿಳಿದಿರುವುದು ಒಳ್ಳೆಯದು.

ಮೊದಲು ಸದ್ದಿನ ವಿಷಯ. ಕೀಲಿನೊಳಗಿನ ದ್ರವದಲ್ಲಿ ಅನಿಲ ಕರಗಿರುತ್ತದೆ. ಕೀಲನ್ನು ಎಳೆದಾಗ ಒತ್ತಡ ತಗ್ಗಿ ಗುಳ್ಳೆ ಉಂಟಾಗುತ್ತದೆ. ನೆಟಿಗೆಯ ಸದ್ದು ಅದರದ್ದು. ನೋವಿಲ್ಲದಿದ್ದರೆ ಹೆದರಬೇಕಿಲ್ಲ. ಅಮೆರಿಕದ ವೈದ್ಯ ಡೊನಾಲ್ಡ್ ಉಂಗರ್ ಸುಮಾರು 60 ವರ್ಷ ಒಂದೇ ಕೈಯ ಬೆರಳುಗಳ ನೆಟಿಗೆ ಮುರಿದು ನೋಡಿದರು. ಎರಡೂ ಕೈಗಳಲ್ಲಿ ಸಂಧಿವಾತ ಇರಲಿಲ್ಲ. ಆದರೆ ಕ್ಷೌರದಂಗಡಿಯಲ್ಲಿ ಕುತ್ತಿಗೆಯನ್ನು ಫಕ್ಕನೆ ತಿರುಗಿಸಿಕೊಳ್ಳುವುದು ಬೇಡ. ಅಲ್ಲಿ ಮೆದುಳಿಗೆ ರಕ್ತ ಒಯ್ಯುವ ನಾಳಗಳಿವೆ.

ಸ್ನಾಯು ಬಿಗಿತಕ್ಕೆ ತಲೆ ಬಗ್ಗಿಸಿ ಕೆಲಸ ಮಾಡುವುದು, ತಲೆಹೊರೆ, ಎತ್ತರದ ದಿಂಬು, ಮನಸ್ಸಿನ ಒತ್ತಡ ಕಾರಣ. ಬಿಸಿ ಶಾಖ, ಲಘು ವ್ಯಾಯಾಮದಿಂದ ಕೆಲವು ದಿನಗಳಲ್ಲಿ ಇಳಿಯುತ್ತದೆ. ಜ್ವರ, ತಲೆನೋವು, ವಾಂತಿಯೊಂದಿಗೆ ಕುತ್ತಿಗೆ ಸೆಟೆದರೆ ಅದು ಮೆದುಳು ಪೊರೆಯ ಉರಿಯೂತವಿರಬಹುದು; ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಇನ್ನು ಪಾವಗಡ. ಮಳೆ ಕಡಿಮೆ, ವರ್ಷವಿಡೀ ಹರಿಯುವ ನದಿಯಿಲ್ಲ. ಜನ ದಶಕಗಳ ಕಾಲ ಕೊಳವೆಬಾವಿಯನ್ನೇ ನಂಬಿದ್ದರು. ಗ್ರಾನೈಟ್‌ನಂತಹ ಬಂಡೆಗಳ ಖನಿಜದಿಂದ ಫ್ಲೋರೈಡ್ ನೀರಿಗೆ ಇಳಿಯುತ್ತದೆ. ಭಾರತೀಯ ಮಾನದಂಡದಂತೆ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರು ಇಲ್ಲದಿದ್ದರೆ 1.5 ಕಡೆಯ ಮಿತಿ. ಅದಕ್ಕಿಂತ ಹೆಚ್ಚಿರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಫ್ಲೋರೈಡ್ ಎಲುಬಿನಲ್ಲಿ ಸೇರುತ್ತದೆ, ಕ್ರಮೇಣ ಕೀಲಿನ ಸುತ್ತಲಿನ ತಂತುಗಳೂ ಗಟ್ಟಿಯಾಗುತ್ತವೆ. ಕುತ್ತಿಗೆ, ಸೊಂಟ, ಮೊಣಕಾಲು ಬಿಗಿಯುತ್ತವೆ. ಕೊನೆಗೆ ಬೆನ್ನು ಬಾಗಿ ನಿಲ್ಲುತ್ತದೆ. ಇದೇ ಫ್ಲೋರೋಸಿಸ್. ಭಾರತದಲ್ಲಿ ಇದನ್ನು 1937ರಲ್ಲಿ ಅಂದಿನ ನೆಲ್ಲೂರು ಜಿಲ್ಲೆಯಲ್ಲಿ ಗುರುತಿಸಲಾಯಿತು.

ಆರಂಭದಲ್ಲಿ ಇದು ವಾತದಂತೆಯೇ ಕಾಣುತ್ತದೆ. ಹಾಗಾಗಿ ಜನ ನೋವಿನ ಮಾತ್ರೆ ನುಂಗುತ್ತಾ ಅದೇ ನೀರನ್ನು ಕುಡಿಯುತ್ತಿರುತ್ತಾರೆ. ಹಲ್ಲು ನೋಡಿ ತಿಳಿಯಬಹುದೆಂದು ಹಲವರ ನಂಬಿಕೆ; ಅದು ಪೂರ್ತಿ ಸರಿಯಲ್ಲ. ಹಲ್ಲಿನ ಕಲೆ ಬೀಳುವುದು ಸುಮಾರು 8 ವರ್ಷದೊಳಗೆ, ಹಲ್ಲು ರೂಪುಗೊಳ್ಳುವಾಗ ಮಾತ್ರ. ದೊಡ್ಡವರಾದ ಮೇಲೆ ಅಲ್ಲಿ ನೆಲೆಸಿದವರ ಹಲ್ಲು ಬಿಳಿಯಾಗಿಯೇ ಇದ್ದು, ಎಲುಬು ಕೆಟ್ಟಿರಬಹುದು.

ಶಿಬಿರಗಳಲ್ಲಿ ಮೂರು ಸರಳ ಪರೀಕ್ಷೆ ಮಾಡಿಸಬಹುದು: ಗಲ್ಲ ಎದೆಗೆ ತಾಗುತ್ತದೆಯೇ, ಮೊಣಕಾಲು ಮಡಚದೆ ಬಗ್ಗಿ ಕಾಲ್ಬೆರಳು ಮುಟ್ಟಲಾಗುತ್ತದೆಯೇ, ಕೈಗಳನ್ನು ಮಡಚಿ ತಲೆಯ ಹಿಂಭಾಗ ಮುಟ್ಟಲಾಗುತ್ತದೆಯೇ. ಆಗದಿದ್ದರೆ ಫ್ಲೋರೋಸಿಸ್ ಎಂದೇ ಅರ್ಥವಲ್ಲ. ಮೂತ್ರದ ಫ್ಲೋರೈಡ್ ಪರೀಕ್ಷೆ ಮತ್ತು ಮುಂಗೈ ಎಕ್ಸ್‌ರೇ ಬೇಕು.

ಗಟ್ಟಿಯಾದ ಎಲುಬನ್ನು ಮೊದಲಿನಂತೆ ಮಾಡುವ ಔಷಧ ಇಲ್ಲ. ಆದರೆ ಬೇಗ ನೀರು ಬದಲಿಸಿ, ಹಾಲು, ರಾಗಿ, ಸೊಪ್ಪು, ನೆಲ್ಲಿಕಾಯಿ ಹೆಚ್ಚು ಸೇವಿಸಿದರೆ ಆರಂಭದ ನೋವು ಕಡಿಮೆಯಾಗಬಹುದು.

ನಮ್ಮ ಕರಾವಳಿಯವರು ಎಚ್ಚರ ವಹಿಸಬೇಕಾದ್ದು ಇಲ್ಲಿ. ನೀರನ್ನು ಕುದಿಸಿ ಕುಡಿದರೆ ಸಾಕೆಂಬುದು ನಮ್ಮ ರೂಢಿ. ಕುದಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ. ಬಟ್ಟೆಯಲ್ಲಿ ಸೋಸುವುದರಿಂದಲೂ, ಸಾದಾ ಕ್ಯಾಂಡಲ್ ಫಿಲ್ಟರಿನಿಂದಲೂ ಪ್ರಯೋಜನವಿಲ್ಲ. ಸರಿಯಾಗಿ ನಿರ್ವಹಿಸಿದ ಆರ್.ಓ. ಘಟಕದ ನೀರು ಅಥವಾ ಶುಚಿಯಾಗಿ ಹಿಡಿದಿಟ್ಟ ಮಳೆನೀರು ಬೇಕು. ಕುಡಿಯಲು ಮಾತ್ರವಲ್ಲ, ಅನ್ನ, ಬೇಳೆ, ಮುದ್ದೆಗೂ ಅದೇ ನೀರು. ಇದನ್ನು ಕಾನ್ವೆಂಟಿನ ಅಡುಗೆಮನೆಯಲ್ಲೂ ಮರೆಯುವವರಿದ್ದಾರೆ.

ತುಂಗಭದ್ರಾ ಹಿನ್ನೀರನ್ನು ಪಾವಗಡಕ್ಕೆ ತರುವ ಯೋಜನೆ 2025ರ ಜುಲೈಯಲ್ಲಿ ಉದ್ಘಾಟನೆಗೊಂಡಿತು. ನಲ್ಲಿಯಲ್ಲಿ ನದಿ ನೀರು ಬಂದರೂ ಬೇಸಿಗೆಯಲ್ಲಿ ಕೊಳವೆಬಾವಿಯ ನೀರು ಬಳಸುವವರು ಒಮ್ಮೆ ಪರೀಕ್ಷೆ ಮಾಡಿಸಲಿ. ಅಕ್ಕಪಕ್ಕದ ಎರಡು ಕೊಳವೆಬಾವಿಗಳ ನೀರು ಒಂದೇ ತೆರನಾಗಿರುವುದಿಲ್ಲ; ಒಂದೊಂದರ ನೀರನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿಸಿ ಹೆಸರು ಬರೆದು ಪ್ರಯೋಗಾಲಯಕ್ಕೆ ಕೊಡಬೇಕು.