ಮೊಬೈಲ್ ಫೋನೂ ಗಂಡಸರ ಸಂತಾನಶಕ್ತಿಯೂ

ಆನೇಕಲ್, ಹೊಸಕೋಟೆ, ನೆಲಮಂಗಲದ ಕಡೆಯ ಅನೇಕ ರೈತರ ಮಕ್ಕಳು ಈಗ ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್, ಪೀಣ್ಯಗಳಲ್ಲಿ ಪಾಳಿಯ ಮೇಲೆ ದುಡಿಯುತ್ತಾರೆ. ಫೋನು ಹಗಲಿರುಳು ಅವರ ಷರಾಯಿ ಜೇಬಿನಲ್ಲಿರುತ್ತದೆ. ಮದುವೆಯಾಗಿ ಎರಡು ವರ್ಷ ಕಳೆದರೂ ಮನೆಯಲ್ಲಿ ತೊಟ್ಟಿಲು ಕಟ್ಟದಿದ್ದರೆ ಮೊದಲು ಸೊಸೆಯನ್ನು ದೂರುತ್ತಾರೆ, ಆಮೇಲೆ ಫೋನನ್ನು. ಈ ಎರಡನೆಯ ದೂರಿನಲ್ಲಿ ನಿಜವೆಷ್ಟೆಂಬುದನ್ನು ರೈತ ಬಾಂಧವರು ತಿಳಿಯುವುದು ಒಳ್ಳೆಯದು.

ಫೋನು ಕೆಲಸ ಮಾಡುವುದು ರೇಡಿಯೋ ಅಲೆಗಳಿಂದ. ಎಕ್ಸ್-ರೇ ಕಿರಣಗಳಿಗಿರುವ ಬಲ ಇವಕ್ಕಿಲ್ಲ. ಮೈಗೆ ತಾಗಿದರೆ ಕೊಂಚ ಬಿಸಿ ಮಾಡಬಲ್ಲವು, ಅಷ್ಟೆ. ದೇಹವು ಹೀರುವ ಈ ಶಕ್ತಿಯು ಕಿಲೋಗ್ರಾಮಿಗೆ 1.6 ವ್ಯಾಟ್ ಮೀರಬಾರದೆಂದು ಭಾರತ ಸರ್ಕಾರವು 2012ರಲ್ಲಿ ಮಿತಿ ಹಾಕಿದೆ.

ಸ್ವಿಟ್ಜರ್ಲೆಂಡಿನಲ್ಲಿ 2005ರಿಂದ 2018ರವರೆಗೆ 2,886 ಯುವಕರ ವೀರ್ಯವನ್ನು ಪರೀಕ್ಷಿಸಿದರು. ಫಲಿತಾಂಶ 2023ರಲ್ಲಿ ಹೊರಬಂದಿತು. ಫೋನನ್ನು ವಾರಕ್ಕೊಮ್ಮೆಗಿಂತ ಹೆಚ್ಚು ಬಳಸದವರಲ್ಲಿ ಒಂದು ಮಿಲಿಲೀಟರಿಗೆ ಸಾಮಾನ್ಯವಾಗಿ 5 ಕೋಟಿ 65 ಲಕ್ಷ ವೀರ್ಯಾಣುಗಳಿದ್ದರೆ, ದಿನಕ್ಕೆ 20 ಸಲಕ್ಕೂ ಹೆಚ್ಚು ಬಳಸುವವರಲ್ಲಿ 4 ಕೋಟಿ 45 ಲಕ್ಷ. ಇಳಿಕೆಯೇನೋ ಹೌದು. ಆದರೆ ವೈದ್ಯರು ಕಡಿಮೆಯೆಂದು ಎಣಿಸುವ ಮಟ್ಟ ಸುಮಾರು ಒಂದೂವರೆ ಕೋಟಿ! ಜೇಬಿನಲ್ಲಿಟ್ಟುಕೊಂಡವರಿಗೂ ಬೇರೆಡೆ ಇಟ್ಟವರಿಗೂ ವ್ಯತ್ಯಾಸ ಕಾಣಲಿಲ್ಲ. ಹೊಸ ಬಗೆಯ ಫೋನುಗಳು ಬಂದಮೇಲೆ ಆ ಅಂತರವೂ ಕುಗ್ಗಿತು. ಆದುದರಿಂದ ಫೋನೇ ಕಾರಣವೆಂದು ಹೇಳಲಾಗದು. ಮನಸ್ಸಿಗೆ ಸಮಾಧಾನವಾಗುವುದಾದರೆ ಜೇಬಿನಿಂದ ತೆಗೆದಿಡಲಿ, ನಷ್ಟವಿಲ್ಲ.

ನಿಜವಾಗಿ ಕೆಡಿಸುವ ಸಂಗತಿಗಳು ಬೇರೆ ಇವೆ. ವೃಷಣಗಳಿಗೆ ಮೈಯ ಶಾಖಕ್ಕಿಂತ 2ರಿಂದ 4 ಡಿಗ್ರಿ ಕಡಿಮೆ ಶಾಖ ಬೇಕು. ಕುಲುಮೆಯ ಮುಂದೆ ದಿನವೆಲ್ಲ ನಿಲ್ಲುವವರು ಇದನ್ನು ಗಮನಿಸಬೇಕು. ಬೀಡಿ, ಸಿಗರೇಟು, ಮದ್ಯಗಳಿಂದಲೂ ವೀರ್ಯ ಕೆಡುತ್ತದೆ. ಇನ್ನು ನಮ್ಮ ಹೊಲದ ಔಷಧಿ. ಕಾಸರಗೋಡಿನ ಪಡ್ರೆಯಲ್ಲಿ ಗೇರುತೋಟಗಳ ಮೇಲೆ ಆಕಾಶದಿಂದ ಎಂಡೋಸಲ್ಫಾನ್ ಸಿಂಪಡಿಸುತ್ತಿದ್ದರು. ಅಲ್ಲಿನ ಗಂಡುಮಕ್ಕಳು ಪ್ರಾಯಕ್ಕೆ ಬರುವುದೇ ತಡವಾಗಿತ್ತೆಂದು 2003ರಲ್ಲಿ ಪ್ರಕಟವಾದ ಸಂಶೋಧನೆ ತಿಳಿಸಿತು. ಸುಪ್ರೀಂ ಕೋರ್ಟು 2011ರಲ್ಲಿ ಅದನ್ನು ನಿಷೇಧಿಸಿತು. ಬರಿಮೈಯಲ್ಲಿ ಔಷಧಿ ಹೊಡೆಯುವ ನಾವು ಫೋನಿಗೆ ಹೆದರುವುದು ವಿಚಿತ್ರವೇ ಸರಿ.

ಬೆಳೆ ಬಾರದಿದ್ದರೆ ರೈತನು ಹೊಲವನ್ನಷ್ಟೇ ಬೈದು ಕೂರುವುದಿಲ್ಲ, ಬೀಜವನ್ನೂ ಮೊಳಕೆ ಕಟ್ಟಿ ನೋಡುತ್ತಾನೆ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನಲ್ಲಿಯೂ ಕೊರತೆಯಿರುತ್ತದೆ. ವರ್ಷ ಕಳೆದರೂ ಗರ್ಭ ನಿಲ್ಲದಿದ್ದರೆ ಇಬ್ಬರೂ ಒಟ್ಟಿಗೆ ವೈದ್ಯರಲ್ಲಿಗೆ ಹೋಗಬೇಕು. ಸೊಸೆಗೆ ಹರಕೆ, ಉಪವಾಸಗಳನ್ನು ಹೊರಿಸುವ ಮೊದಲು ಮಗನ ವೀರ್ಯಪರೀಕ್ಷೆಯಾಗಲಿ. ಅದರಲ್ಲಿ ನೋವಿಲ್ಲ. ಎರಡರಿಂದ ಏಳು ದಿನ ಸಂಯಮದಿಂದಿದ್ದು ಮಾದರಿ ಕೊಟ್ಟರಾಯಿತು. ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕು. ಬೀಡಿ ಬಿಟ್ಟವರು ಮೂರು ತಿಂಗಳ ನಂತರ ಮತ್ತೊಮ್ಮೆ ಪರೀಕ್ಷೆ ಮಾಡಿಸಿಕೊಳ್ಳಬೇಕು.